ಕಣ್ಣಿಗೆ ಎಣ್ಣೆ

ಮೂರು ಹನಿ. ಎಡಗಣ್ಣಿಗೊಂದು, ಬಲಗಣ್ಣಿಗೊಂದು,
ಇನ್ನೊಂದು ಕೆನ್ನೆಗೆ ಜಾರಿ ಹಾಳಾದದ್ದು.
'ಉಪಿಂದ್ರಾ, ಇಪ್ಪತ್ತು ನಿಮಿಷ' ಎಂದಳು ಮನಿಲಾದ ನರ್ಸು,
ಉಪೇಂದ್ರ ಆಚಾರಿಯ ಸ್ಕ್ರೂ ಒಂದು ಸುತ್ತು ಸಡಿಲಿಸಿ.

ರೂವಿಯ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತೆ.
ಗಂಗೊಳ್ಳಿಯಲ್ಲಿ ಕೊನೆಯ ಲಾಂಚು ತಡವಾದ ರಾತ್ರಿ
ಅಜ್ಜಿ ಹೇಳುತ್ತಿದ್ದಳು,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ ಮಗಾ, ಎಂದು.
ಎಣ್ಣೆ ಉರಿಯುತ್ತದೆಂದು
ಅವಳು ಹೇಳಿರಲಿಲ್ಲ.

ಇಪ್ಪತ್ತೆಂಟು ವರ್ಷ ಮತ್ರಾದ ಗಲ್ಲಿಯಲ್ಲಿ
ಬಲಗಣ್ಣಿಗೆ ಮಸೂರ ಸಿಕ್ಕಿಸಿ
ಊರವರ ಕಾಲ ಬಿಚ್ಚಿ ಜೋಡಿಸಿದವನು ನಾನು.
ಕೂದಲಿಗಿಂತ ತೆಳುವಾದ ಸ್ಪ್ರಿಂಗು, ಸಾಸಿವೆಗೂ ಸಣ್ಣ ಕೆಂಪು ಕಲ್ಲು.
ಕೈ ನಡುಗಿದರೆ ಮೇಜಿಗೆ ಊರಬಹುದು,
ಕಣ್ಣನ್ನು ಎಲ್ಲಿಗೆ ಊರಲಿ?

ಸಕ್ಕರೆ ಬಂದು ಹನ್ನೊಂದು ವರ್ಷ.
ಮಾತ್ರೆ ನುಂಗಿದೆ, ಚಾ ಸಪ್ಪೆ ಮಾಡಿದೆ,
ಪಕ್ಕದಂಗಡಿಯ ಹಲ್ವದ ತಟ್ಟೆ ಬಂದಾಗ
ಬೆರಳ ತುದಿ ಮಾತ್ರ ಅದ್ದಿದೆ (ಎರಡು ಸಲ).
ಕಣ್ಣು ತೋರಿಸು ಎಂದರೆ ಮಾತ್ರ ನಗು ಬರುತ್ತಿತ್ತು.
ಎಲ್ಲ ಕಾಣುತ್ತದಲ್ಲ ಮಾರಾಯರೆ,
ಕಾಣುವುದನ್ನು ಏನಂತ ತೋರಿಸುವುದು?

ಮೊಯಿದಿನಬ್ಬನೂ ಹಾಗೇ ಅನ್ನುತ್ತಿದ್ದ.
ನೀರಿನ ಟ್ಯಾಂಕರ್ ಓಡಿಸುವವನು, ನನ್ನ ರೂಮಿನ ಮೇಲಿನ ಮಂಚ.
ಒಂದು ದಿನ ಗಾಳಿಯಲ್ಲಿ ಸೊಳ್ಳೆ ಹೊಡೆದ, ಸೊಳ್ಳೆ ಇರಲಿಲ್ಲ.
ಮತ್ತೆ ಒಂದು ಕೆಂಪು ನೂಲು, ಮತ್ತೆ ಜೇಡನ ಬಲೆ.
'ನೋವಿಲ್ಲ, ಬಿಡು' ಎಂದ. ಬಿಟ್ಟೆವು.
ನಿಜ್ವಾ ದಾರಿಯಲ್ಲಿ ಒಂದು ಸಂಜೆ ಲಾರಿ ಬದಿಗೆ ನಿಲ್ಲಿಸಿ ಫೋನು ಮಾಡಿದ:
'ಆಚಾರೀ, ಬಾ. ರಸ್ತೆ ಎಲ್ಲಿಗೆ ಹೋಯಿತೋ ಗೊತ್ತಾಗ್ತಿಲ್ಲ.'

ವಿಮಾನ ನಿಲ್ದಾಣದಲ್ಲಿ ಅವನ ವಾಚಿಗೆ ಕೀ ಕೊಟ್ಟು ಕಟ್ಟಿದೆ.
'ಮುಳ್ಳು ಕಾಣುವುದಿಲ್ಲ. ಆದರೂ ಇರಲಿ,
ಕೈಗೆ ಅಭ್ಯಾಸ' ಎಂದ.

'ಗಲ್ಲ ಇಲ್ಲಿಡಿ.' ಡಾಕ್ಟರ್ ಅಮಲ್ ಒಂದು ಬಿಳಿ ಬೆಳಕು ತಂದು
ನನ್ನ ಕಣ್ಣಿಗೆ ತನ್ನ ಮಸೂರ ಹಿಡಿದಳು.
ಮೇಲೆ ನೋಡಿ. ಮೂಗಿನ ಕಡೆಗೆ. ಉಸಿರು ಬಿಡಿ.
ಇವಳೂ ನನ್ನ ಕುಲದವಳೇ ಅನಿಸಿತು:
ಮುಚ್ಚಳ ತೆಗೆಯದೆ ಒಳಗಿನ ಚಕ್ರ ನೋಡುವವಳು.

ಆಮೇಲೆ ಪರದೆಯಲ್ಲಿ ನನ್ನದೇ ಕಣ್ಣಿನ ಒಳಗೋಡೆ.
ಕೇಸರಿ ಚಂದ್ರ, ಅದರಲ್ಲಿ ನದಿಗಳು,
ನದಿಯ ದಡದಲ್ಲಿ ನಾಲ್ಕೈದು ಕೆಂಪು ಚುಕ್ಕೆ.
ನೋಡಿದೊಡನೆ ಗುರುತು ಹತ್ತಿತು.
ಕಡಲ ಗಾಳಿ ಹೊಕ್ಕ ವಾಚಿನೊಳಗೆ
ಮೊದಲು ಹೀಗೇ ತುಕ್ಕು. ಮುಳ್ಳು ಸರಿಯಾಗಿಯೇ ಓಡುತ್ತಿರುತ್ತದೆ.

'ಸುಕ್ಕರ್' ಎಂದಳು. ನಮ್ಮ ಸಕ್ಕರೆಯ ಅಕ್ಕನೋ ತಂಗಿಯೋ.
'ಈಗಷ್ಟೇ ಶುರು. ಸಕ್ಕರೆ, ಬಿಪಿ ಹಿಡಿತದಲ್ಲಿರಲಿ,
ಆರು ತಿಂಗಳಿಗೆ ಮತ್ತೆ ಬನ್ನಿ.
ನೋವಾಗಲಿ ಎಂದು ಕಾಯಬೇಡಿ, ಅದು ನೋಯುವುದಿಲ್ಲ.'
ನಾನೂ ಗಿರಾಕಿಗಳಿಗೆ ಬೈಯುವುದು ಇದೇ ಮಾತಿಗೆ:
ನಿಂತ ಮೇಲೆ ತರುತ್ತೀರಲ್ಲ, ನಡೆಯುವಾಗ ತನ್ನಿ ಅಂತ.

ಹೊರಗೆ ಮೇ ತಿಂಗಳ ಮಧ್ಯಾಹ್ನ.
ಬಾಗಿಲಿಲ್ಲದ ಮನೆಗೆ ನೆರೆ ನುಗ್ಗಿದ ಹಾಗೆ ಬೆಳಕು.
ಗುಡ್ಡ, ಮಸೀದಿ, ಬಸ್ಸು ಎಲ್ಲ ಒಂದೇ ಸುಣ್ಣ.
ಒಂದು ರಿಯಾಲಿಗೆ ಕಪ್ಪು ಕನ್ನಡಕ ಕೊಂಡು
ಗೋಡೆ ಹಿಡಿದು ನಡೆದೆ, ಕಳ್ಳನ ಹಾಗೆ,
ಮೊಯಿದಿನಬ್ಬನ ಹಾಗೆ.

ಅಂಗಡಿಗೆ ಬಂದು ಅವನಿಗೇ ಫೋನು ಹಚ್ಚಿದೆ.
ಚುಕ್ಕೆಗಳ ಕತೆ ಹೇಳಿದೆ. ಅವನು ಸುಮಾರು ಹೊತ್ತು ಮಾತಾಡಲಿಲ್ಲ.
'ಆರು ತಿಂಗಳು ಅಂದಳಾ? ಬರೆದಿಡು. ದೊಡ್ಡದಾಗಿ.
ನನ್ನ ಮಗನಿಗೂ ಬಂದಿದೆ, ಸೋಮವಾರ
ಕುತ್ತಿಗೆ ಹಿಡಿದು ಕರಕೊಂಡು ಹೋಗ್ತೇನೆ.
ಅಲ್ಲಿ ಈಗ ಗಂಟೆಷ್ಟು?'

ಮೇಜಿನ ಮೇಲೆ ಹದಿನೇಳು ವಾಚು.
ಒಂದರ ಮುಖವೂ ಓದಲಾಗಲಿಲ್ಲ.
'ತಾಳು' ಎಂದೆ,
ಒಂದನ್ನೆತ್ತಿ ಕಿವಿಗಿಟ್ಟುಕೊಂಡೆ.
ಆ ಕಡೆಯಿಂದಲೂ, ಉಸಿರಿನ ನಡುವೆ,
ಸಣ್ಣಗೆ ಟಿಕ್ ಟಿಕ್.